ನಾಲ್ಕು ಮೂಲೆಗೆ ಅರಿಶಿನ

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ನಾಲ್ಕು ಪುಟ ತಿರುವಿ ಕಂಡುಹಿಡಿಯುವ ಶ್ರಮ ಬೇಡ. ಅವಳು ನನ್ನ ಗಂಡನ ತಮ್ಮನ ಹೆಂಡತಿ, ನನಗಿಂತ ಒಂಬತ್ತು ವರ್ಷ ಚಿಕ್ಕವಳು, ಟಿ. ನರಸೀಪುರದಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ನಾನು ನಂಜನಗೂಡಿನಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟವಳು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಯಾರದೋ ಬಯೋಡೇಟಾ, ಇಂಥವನ್ನೇ ಟೈಪ್ ಮಾಡಿ ಮಾಡಿ ಬೆರಳು ಸವೆಸಿಕೊಂಡಿದ್ದೇನೆ. ಆದರೂ ನಮ್ಮ ಮನೆತನದಲ್ಲಿ ಕಂಪ್ಯೂಟರ್ ಮುಟ್ಟಿದ ಮೊದಲ ಹೆಂಗಸು ನಾನೇ. ಗಂಡನ ಊರಾದ ಹದಿನಾರು ಎಂಬ ಹಳ್ಳಿಯಲ್ಲಿ ನಮ್ಮತ್ತೆ ಸಿಕ್ಕಸಿಕ್ಕವರಿಗೆಲ್ಲ, “ನಮ್ ಸೊಸೆ ಕಂಪೂಟ್ರು ಕಣವ್ವ” ಎಂದು ಹೇಳಿಕೊಂಡು ಬರುತ್ತಿದ್ದರು. ಕಂಪ್ಯೂಟರ್ ಕಲಿತವಳು ಅಂತಲ್ಲ, ನಾನೇ ಕಂಪ್ಯೂಟರ್.

ಆಮೇಲೆ ಇವಳು ಬಂದಳು. ನಾನು ಕಂಪ್ಯೂಟರಿನ ಮುಂದೆ ಕೂರುವವಳು, ಇವಳು ಅದನ್ನು ಮಗುಚಿ ಹಾಕಿ ಹೊಟ್ಟೆ ಬಿಚ್ಚುವವಳು. ಅತ್ತೆಯ ಮಾತೂ ಬದಲಾಯಿತು. “ದೊಡ್ಡವ್ಳು ಟೈಪ್ ಮಾಡ್ತಾಳೆ, ಚಿಕ್ಕವ್ಳು ಡಾಕ್ಟ್ರು.” ಆ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆಗಿಂತ ಮೊದಲು ನಾನೇ ಸಿಡಿದೆ, ಯಾರಿಗೂ ಕೇಳಿಸಲಿಲ್ಲ ಅಷ್ಟೆ.

ನಂಜನಗೂಡಿಗೂ ನರಸೀಪುರಕ್ಕೂ ಹರಿಯುವುದು ಅದೇ ಕಪಿಲೆ. ನಮ್ಮೂರು ದಾಟಿದ ಮೇಲೆ ಅವಳ ಊರಿಗೆ ಹೋಗುತ್ತದೆ. ನಾವು ಬಳಸಿ ಬಿಟ್ಟ ನೀರು ನಿಮಗೆ ಎಂದು ಒಂದು ಸಲ ತಮಾಷೆಯಾಗಿ ಚುಚ್ಚಿದ್ದೆ. “ಇಲ್ಲಿಗೆ ಬಂದ್ಮೇಲೆ ಕಾವೇರಿನೂ ಸಿಗ್ತಾಳಲ್ಲ ಅಕ್ಕ, ನಿಮಗೆ ಅದಿಲ್ವಲ್ಲ” ಅಂದಳು. ನಗುತ್ತಲೇ ಅಂದಳು. ಆ ನಗು ನನಗೆ ಆಗಿಬರುವುದಿಲ್ಲ.

ಅವಳ ಮದುವೆಗೆ ನಮ್ಮ ಮನೆಯಿಂದ ಯಾರೂ ಹೋಗಿರಲಿಲ್ಲ. ನಮ್ಮದು ಹೊಲ ಗದ್ದೆ ಇರುವ ಒಕ್ಕಲು ಮನೆ. ಅವಳದು ಬುದ್ಧನನ್ನು ನಂಬಿದ ಮನೆ, ನಮ್ಮೂರವರ ಬಾಯಲ್ಲಿ ‘ಆ ಬೀದಿ’ಯ ಮನೆ. ನನ್ನ ಮೈದುನ ಕಾಲೇಜಿನಲ್ಲಿ ಇಷ್ಟಪಟ್ಟ, ಮಾವ ಒಪ್ಪಲಿಲ್ಲ. ಅವಳ ಕಡೆಯವರೇ ಬುದ್ಧನ ಪಟದ ಮುಂದೆ ಹಾರ ಹಾಕಿಸಿ ಮದುವೆ ಮುಗಿಸಿದರು. ಆವತ್ತು ಬೆಳಗ್ಗೆ ಅತ್ತೆ ರೇಷ್ಮೆ ಸೀರೆ ಉಟ್ಟು ನಡುಮನೆಯಲ್ಲಿ ಕೂತಿದ್ದರು. ಮಾವ ಒಂದು ಮಾತು ಅಂದರು. ಅತ್ತೆ ಎದ್ದು ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು. ನಾನು ರೇಷ್ಮೆ ಸೀರೆಯನ್ನೂ ಉಟ್ಟಿರಲಿಲ್ಲ. ಹೋಗಿಬರುವುದು ಶುರುವಾದದ್ದು ಮಾವ ತೀರಿಕೊಂಡ ಮೇಲೆ. ಅಷ್ಟರಲ್ಲಿ ಅತ್ತೆ ನಂಜನಗೂಡಿಗೆ, ನಮ್ಮ ಮನೆಗೆ ಬಂದಿದ್ದರು.

ಅತ್ತೆ ಸೋಬಾನೆ ಪದ ಹಾಡುವವರು. ಹದಿನಾರಿನಲ್ಲಿ, ಸುತ್ತಲ ಹಳ್ಳಿಗಳಲ್ಲಿ ಅವರಿಲ್ಲದೆ ಮದುಮಕ್ಕಳನ್ನು ಹಸೆಗೆ ಕೂರಿಸುತ್ತಿರಲಿಲ್ಲ. ಊಟವಾದ ಮೇಲೆ ನನ್ನ ಅಂಗಡಿಗೆ ಗಿರಾಕಿ ಬರದ ಹೊತ್ತಿನಲ್ಲಿ ಅವರು ಸ್ಟೂಲಿನ ಮೇಲೆ ಕಾಲು ಮಡಿಸಿ ಕೂತು ಹಾಡುವರು, ನಾನು ಟೈಪ್ ಮಾಡಿಕೊಳ್ಳುವೆ. ಲ್ಯಾಪ್‌ಟಾಪಿಗೆ ಒಂದು ಸಣ್ಣ ಮೈಕು ಸಿಕ್ಕಿಸಿ ದನಿಯನ್ನೂ ಹಿಡಿಯುತ್ತಿದ್ದೆ. ನೂರ ಎಂಬತ್ತಾರು ಪದ ಆದವು. ಟೈಪ್ ಮಾಡಿ, ತಿದ್ದಿ, ಮತ್ತೆ ಕೇಳಿ, ಅಷ್ಟೂ ನನಗೆ ಬಾಯಿಗೆ ಬಂದುಬಿಟ್ಟವು. ಆ ಮಧ್ಯಾಹ್ನಗಳು ನನ್ನವು. ಆಗ ಅತ್ತೆಯ ಬಾಯಲ್ಲಿ ಡಾಕ್ಟರೂ ಇರುತ್ತಿರಲಿಲ್ಲ, ನರಸೀಪುರವೂ ಇರುತ್ತಿರಲಿಲ್ಲ.

ಹೋದ ವರ್ಷ ಅತ್ತೆಗೆ ಕೆಟ್ಟ ಜ್ವರ ಬಂತು. ಜ್ವರ ಹೋಯಿತು, ಗಂಟಲನ್ನೂ ತೆಗೆದುಕೊಂಡು ಹೋಯಿತು. ಈಗ ಅವರು ಮಾತಾಡಿದರೆ ಒಣ ಸೊಪ್ಪು ತುಳಿದ ಹಾಗೆ ಸದ್ದು. ಹಾಡು ಮುಗಿಯಿತು. ಅವರ ದನಿ ಎಂಬುದು ಇನ್ನು ಇರುವುದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಮಾತ್ರ ಯಾಕೆ? ಒಂದು ಪೆನ್‌ಡ್ರೈವಿಗೆ ಹಾಕಿಡುವುದಕ್ಕೆ ಏನು ಧಾಡಿ? ಧಾಡಿ ಇತ್ತು. ನರಸೀಪುರದವಳು ಎರಡು ಸಲ ಕೇಳಿದ್ದಳು. “ಅಕ್ಕ, ಅತ್ತೆ ಪದ ನಂಗೂ ಒಂದ್ ಕಾಪಿ ಕೊಡಿ.” ಪೆನ್‌ಡ್ರೈವು ಅಂತ ಒಂದು ಮನೆಯಲ್ಲಿ ಆದರೆ ಕೊಡಬೇಕಾಗುತ್ತದೆ. ಅದಕ್ಕೇ ಮಾಡಿಕೊಳ್ಳಲಿಲ್ಲ. “ಇನ್ನೂ ತಿದ್ದೋದಿದೆ, ಕೊಡೋಣ ಬಿಡು” ಎಂದು ಎರಡು ಸಲವೂ ಸಾಗಹಾಕಿದೆ.

ಇನ್ನೊಂದು ಕಾರಣವೂ ಇತ್ತು. ಆ ಪದಗಳಲ್ಲಿ ಒಂದನ್ನು ಅತ್ತೆ ಅವಳಿಗೆಂದೇ ಹಾಡಿದ್ದರು. ಹೊಸ ಸೊಸೆಯನ್ನು ಹೊಸಿಲು ದಾಟಿಸಿ ಮನೆ ತುಂಬಿಸಿಕೊಳ್ಳುವಾಗ ಗಂಡಿನ ತಾಯಿ ಹಾಡುವ ಪದ. ಅವಳ ಮದುವೆಯಲ್ಲಿ ಹಾಡಲಾಗದ್ದನ್ನು ಎರಡು ವರ್ಷದ ಹಿಂದೆ, ಗಂಟಲು ನೆಟ್ಟಗಿದ್ದಾಗ, ನನ್ನ ಅಂಗಡಿಯಲ್ಲಿ ಹಾಡಿ, ಅವಳಿಗೆ ಕೊಡು ಎಂದಿದ್ದರು. ಬೇರೆ ಯಾವ ಪದಕ್ಕೂ ಅವರು ಅಷ್ಟು ಗಂಟಲು ತೆರೆದದ್ದನ್ನು ನಾನು ಕೇಳಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅದನ್ನು ‘ಇತರೆ’ ಎಂಬ ಫೋಲ್ಡರಿನಲ್ಲಿ ಹಾಕಿ ಮುಚ್ಚಿಟ್ಟೆ. ವಯಸ್ಸಾದವರು, ಮರೆತಿರುತ್ತಾರೆ ಎಂದುಕೊಂಡೆ.

ಮರೆತ ಹಾಗೂ ಕಾಣಿಸಿತು. ಆ ಸುದ್ದಿ ಎತ್ತಲೇ ಇಲ್ಲ. ಆದರೆ ನಾನು ನರಸೀಪುರಕ್ಕೆ ಹೋಗಿಬಂದಾಗ, ಅವಳ ಫೋನು ಬಂದು ನಾನು ಇಟ್ಟಾಗ, ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ.

“ಅವ್ಳು ಏನಾರ ಅಂದ್ಲಾ?”

“ಏನೂ ಅನ್ನಲಿಲ್ಲ ಅತ್ತೆ.”

ನೋಡಿ, ಇಲ್ಲಿ ಬೆಳಗಿನಿಂದ ಸಂಜೆವರೆಗೆ ಗಂಜಿ, ಮಾತ್ರೆ, ಬಿಸಿನೀರು ಅಂತ ಓಡಾಡುವವಳು ನಾನು. ಅತ್ತೆಯ ಜೀವ ತುಡಿಯುವುದು ಅವಳು ಏನಂದಳು ಎಂಬುದಕ್ಕೆ. ನಾನು ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ.

ಲ್ಯಾಪ್‌ಟಾಪ್ ಕೆಟ್ಟದ್ದಕ್ಕೂ ಇದೇ ಹೊಟ್ಟೆಕಿಚ್ಚು ಮೂಲ. ಅವಳು ಯಾವುದೋ ಕಾಲೇಜಿನ ಮೂವತ್ತು ಲ್ಯಾಪ್‌ಟಾಪುಗಳನ್ನು ಒಬ್ಬಳೇ ಬಿಚ್ಚಿ ಸರಿಮಾಡಿಕೊಟ್ಟಳು ಎಂಬ ಸುದ್ದಿ ಬಂತು. ಅತ್ತೆ ಅದನ್ನು ಹಾಲಿನವನಿಗೆ ಹೇಳಿದರು, ಪಕ್ಕದ ಮನೆಗೆ ಹೇಳಿದರು, ನನ್ನ ಅಂಗಡಿಗೆ ಬಂದ ಗಿರಾಕಿಗೂ ಹೇಳಿದರು. ಮೂರನೇ ಸಲಕ್ಕೆ ನಾನು ತೀರ್ಮಾನ ಮಾಡಿದೆ: ನಾನೂ ಬಿಚ್ಚುತ್ತೇನೆ. ನನ್ನದು ಹಳೆಯ ಅಗ್ಗದ ಯಂತ್ರ. ಸ್ವಲ್ಪ ಮೆಮೊರಿ ಒಳಗಿನ ಮುಖ್ಯ ಬೋರ್ಡಿಗೇ ಬೆಸೆದು ಬಂದಿತ್ತು, ಇನ್ನೊಂದು ಪಟ್ಟಿ ಕೂರಿಸಲು ಖಾಲಿ ಜಾಗವಿತ್ತು. ಮೈಸೂರಿಗೆ ಹೋಗಿ ಆ ಪಟ್ಟಿ, ಅಂದರೆ ರ‍್ಯಾಮ್ ತಂದೆ. ಬೆರಳುದ್ದದ ಹಸಿರು ಪಟ್ಟಿ, ಕೆಳ ಅಂಚಿಗೆ ಸಾಲಾಗಿ ಚಿನ್ನದ ಬಣ್ಣದ ಹಲ್ಲು. ಫೋನಿನಲ್ಲಿ ವಿಡಿಯೊ ಹಾಕಿಕೊಂಡು ಲ್ಯಾಪ್‌ಟಾಪ್ ಮಗುಚಿ ಸ್ಕ್ರೂ ಬಿಚ್ಚಿದೆ. ಹೆಮ್ಮೆಗೆ ಎದೆ ಉಬ್ಬಿತ್ತು.

“ಏನವ್ವ ಅದು? ಒಸದಾ?” ಎಂದು ಅತ್ತೆ ಬಂದರು.

ನಮ್ಮಲ್ಲಿ ಹೊಸದು ಎಂದರೆ ಅರಿಶಿನ ಹಚ್ಚದೆ ಬಳಸುವುದಿಲ್ಲ. ಹೊಸ ಬಟ್ಟೆಯ ಮೂಲೆಗೆ ಹಚ್ಚುತ್ತಾರೆ. ಲಗ್ನಪತ್ರಿಕೆ ಅಚ್ಚಾಗಿ ಬಂದರೆ ನಾಲ್ಕು ಮೂಲೆಗೂ. ನನ್ನ ಅಂಗಡಿಯಲ್ಲೇ ಅದಕ್ಕೆಂದು ಒಂದು ಅರಿಶಿನದ ಬಟ್ಟಲಿದೆ. ನಾನು ಇನ್ನೊಂದು ಸ್ಕ್ರೂ ಹುಡುಕುತ್ತ ತಲೆ ಬಗ್ಗಿಸಿದ್ದೆ, ಎತ್ತುವಷ್ಟರಲ್ಲಿ ಅತ್ತೆ ಆ ಪಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು, ನೀರಿನಲ್ಲಿ ಕಲಸಿದ ಅರಿಶಿನವನ್ನು ನಾಲ್ಕೂ ಮೂಲೆಗೆ ಹಚ್ಚಿ ಮುಗಿಸಿ, “ಚೆಂದಾಗಿ ಬಾಳ್ಲಿ” ಎಂದು ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಅಯ್ಯೋ ಅನ್ನಿಸಿತು. ಆದರೆ ನಾನು ಮಾಡುವ ಕೆಲಸಕ್ಕೆ ಅತ್ತೆ ಒಂದು ಶುಭದ ಮಾತು ಆಡಿದ್ದು ಎಷ್ಟು ದಿನದ ಮೇಲೋ. ಬೇಡ ಎನ್ನಲು ಬಾಯಿ ಬರಲಿಲ್ಲ. ಸೆರಗಿನಿಂದ ಒರೆಸಿದೆ, ಸಾಕು ಅನ್ನಿಸಿತು, ಒತ್ತಿ ಕೂರಿಸಿದೆ. ಮುಚ್ಚುವಾಗ ಒಂದು ಸ್ಕ್ರೂವನ್ನು ಬಿಗಿ ಬಿಗಿ ಎಂದು ತಿರುವಿ ಅದರ ತಲೆಯನ್ನೇ ಸವೆಸಿಬಿಟ್ಟೆ. ಯಂತ್ರ ಓಡಿತು. ಕುದುರೆ ಹಾಗೆ ಓಡಿತು.

ಮೂರು ವಾರ. ಆಮೇಲೆ ಒಂದು ಬೆಳಗ್ಗೆ ಯಾರದೋ ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂದು ಟೈಪ್ ಮಾಡುತ್ತಿದ್ದಂತೆ ಪರದೆ ಕಪ್ಪಾಯಿತು. ಕಂಪನಿಯ ಗುರುತು ಮೂಡಿತು, ತಾನೇ ಶುರುವಾಯಿತು. ಐದು ನಿಮಿಷಕ್ಕೆ ಮತ್ತೆ. ಮಾರನೇ ದಿನ ಹತ್ತಿಪ್ಪತ್ತು ಸಲ. ಪಕ್ಕದ ಮೊಬೈಲ್ ಅಂಗಡಿಯವನು ವೈರಸ್ ಅಂದ. ಕಾರ್ಡು ಅಚ್ಚು ಹಾಕುವವರು ಕಾವು ಅಂದರು, ಕೆಳಗೆ ಎರಡು ಇಟ್ಟಿಗೆ ಚೂರು ಕೊಟ್ಟು ಎತ್ತರಿಸಿ ಫ್ಯಾನು ತಿರುಗಿಸಿದೆ. ನನ್ನ ಗಂಡ ಫಾರ್ಮ್ಯಾಟ್ ಮಾಡಿಸು ಅಂದರು. ಫಾರ್ಮ್ಯಾಟ್ ಮಾಡಿದರೆ ಅತ್ತೆಯ ದನಿ ಅಳಿಸಿಹೋಗುತ್ತದೆ ಎಂದು ಅವರ ಮೇಲೆ ಹರಿಹಾಯ್ದೆ. ಆಗಲೇ ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು. ಪೆನ್‌ಡ್ರೈವ್ ಸಿಕ್ಕಿಸಿ ಕಾಪಿ ಮಾಡಲು ಕೂತೆ. ಹಸಿರು ಗೆರೆ ಅರ್ಧಕ್ಕೆ ಬರುವುದು, ಪರದೆ ಕಪ್ಪಾಗುವುದು. ನಾಲ್ಕನೇ ಸಲಕ್ಕೆ ಪೆನ್‌ಡ್ರೈವನ್ನೇ ಓದದಾಯಿತು.

ಹೊಸ ರ‍್ಯಾಮ್ ತೆಗೆದು ನೋಡೋಣವೆಂದರೆ ತಲೆ ಸವೆದ ಸ್ಕ್ರೂ ತಿರುಗಲೊಲ್ಲದು. ಅಲ್ಲದೆ, ನಿಜ ಹೇಳುತ್ತೇನೆ, ನಾನು ಕೂರಿಸಿದ್ದರಲ್ಲೇ ತಪ್ಪಿರಬಹುದು ಎಂದು ಒಪ್ಪಲು ಮನಸ್ಸಿರಲಿಲ್ಲ.

“ಚಿಕ್ಕವ್ಳತ್ರ ತಕ್ಕೊಂಡೋಗವ್ವ” ಎಂದರು ಅತ್ತೆ.

ಎರಡು ದಿನ ಮುಖ ಊದಿಸಿಕೊಂಡು ತಿರುಗಿದೆ. ಮೂರನೇ ದಿನ ಭಾನುವಾರ, ಅಂಗಡಿಗೆ ಬೀಗ ಹಾಕಿ ಹೊರಟೆ. ಅತ್ತೆಯೂ ಸೀರೆ ಬದಲಾಯಿಸಿಕೊಂಡು ನಿಂತಿದ್ದರು. “ನಾನೂ ಬತ್ತೀನಿ. ಅವ್ಳ ನೋಡಿ ದಿನ ಆಯ್ತು.” ಬಸ್ಸಿನಲ್ಲಿ ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲೆ, ಅತ್ತೆ ಅವಳಿಗೆಂದು ಕಟ್ಟಿಸಿಕೊಂಡ ರಸಬಾಳೆಯ ಚಿಪ್ಪು ಅವರ ತೊಡೆಯ ಮೇಲೆ. ದಾರಿಯುದ್ದಕ್ಕೂ ಆ ಬಾಳೆಹಣ್ಣು ನನ್ನ ಕಣ್ಣಿಗೆ ಚುಚ್ಚುತ್ತಿತ್ತು.

ಅವಳ ಅಂಗಡಿ ಮುಂದೆ, ಮನೆ ಹಿಂದೆ. ಅತ್ತೆಯನ್ನು ಒಳಗೆ ಕರೆದೊಯ್ದು ಕೂರಿಸಿ, ಕಾಫಿ ಕೊಟ್ಟು, ಟಿ.ವಿ. ಹಾಕಿ ಬಂದಳು. ನನಗೂ ಒಂದು ಲೋಟ ತಂದಿಟ್ಟಳು. ಮೇಜಿನ ಮೇಲೆ ಸಣ್ಣ ಸಣ್ಣ ಡಬ್ಬಿಗಳಲ್ಲಿ ಸ್ಕ್ರೂಗಳು ಗಾತ್ರಕ್ಕೆ ತಕ್ಕಂತೆ ಜೋಡಿಸಿದ್ದವು, ನಮ್ಮ ಮನೆಯ ಮಸಾಲೆ ಡಬ್ಬಿಯೂ ಅಷ್ಟು ಅಚ್ಚುಕಟ್ಟಾಗಿಲ್ಲ. ಅದಕ್ಕೂ ಉರಿಯಿತು.

ಅವಳು ಯಂತ್ರ ಮಗುಚಿ ಬೆರಳಾಡಿಸಿದಳು. ಸವೆದ ಸ್ಕ್ರೂವಿನ ಮೇಲೆ ಬೆರಳು ನಿಂತಿತು.

“ಅಕ್ಕ, ಇದನ್ನ ಯಾರಾದ್ರೂ ಬಿಚ್ಚಿದ್ರಾ?”

“ಇಲ್ಲಪ್ಪ.”

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಬಿಚ್ಚಿದ್ದೆ, ನಾನೇ, ನಿನಗಿಂತ ನಾನೇನು ಕಮ್ಮಿ ಅಂತ, ಬಿಚ್ಚಿ ಕೆಡಿಸಿದೆ, ಈಗ ನಿನ್ನ ಬಾಗಿಲಿಗೇ ಬಂದಿದ್ದೇನೆ. ಇಷ್ಟನ್ನು ಹೇಗೆ ಹೇಳುವುದು? ನಾಲಗೆ ಕತ್ತರಿಸಿದರೂ ಆಗುತ್ತಿರಲಿಲ್ಲ.

ಯಂತ್ರ ಚಾಲೂ ಮಾಡಿ ಪರದೆ ನೋಡಿದಳು. “ಮೆಮೊರಿ ಜಾಸ್ತಿ ತೋರಿಸ್ತಾ ಇದೆ. ಈ ಮಾಡೆಲ್ ಕಮ್ಮಿನಲ್ಲಿ ಬರೋದು.”

“ಅಂಗಡಿಯವನು ಕೊಡುವಾಗಲೇ ಹಾಕಿ ಕೊಟ್ಟಿದ್ದ.” ಇದು ಎರಡನೆಯದು.

“ಸರಿ. ಮೊದ್ಲು ಅತ್ತೆ ಪದಗಳನ್ನ ನನ್ನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡ್ಕೊಳ್ಳೋಣ ಅಕ್ಕ. ಈ ಮಿಷನ್‌ನಲ್ಲಿ ಡಿಸ್ಕೂ ಬೋರ್ಡಿಗೇ ಬೆಸೆದುಬಿಟ್ಟವ್ರೆ. ಬೋರ್ಡು ಹೋದ್ರೆ ಅದೂ ಹೋಗುತ್ತೆ, ತೆಗೆದಿಡಕ್ಕಾಗಲ್ಲ.”

ಅವಳ ಹಾರ್ಡ್‌ಡಿಸ್ಕಿಗೆ. ಎರಡು ವರ್ಷ ನಾನು ಕಾದಿಟ್ಟದ್ದು ಒಂದು ಕ್ಲಿಕ್ಕಿನಲ್ಲಿ ಅವಳದಾಗುತ್ತದೆ. “ಬೇಡ. ನಾನೇ ನಾಲ್ಕು ಸಲ ನೋಡಿದೀನಿ, ಅರ್ಧಕ್ಕೆ ಆಫ್ ಆಗುತ್ತೆ. ಮೊದಲು ಸರಿಮಾಡು” ಎಂದೆ.

ಅವಳು ಕಾಪಿಯ ಮಾತು ಬಿಟ್ಟಳು. ಮೆಮೊರಿ ಪರೀಕ್ಷೆ ಮಾಡುವ ಪ್ರೋಗ್ರಾಮ್ ಹಾಕಿದಳು. ನನ್ನ ಗ್ರಹಚಾರಕ್ಕೆ ಆವತ್ತು ಒಂದು ಸುತ್ತು ಒಂದೂ ತಪ್ಪಿಲ್ಲದೆ ಮುಗಿಯಿತು, ನೋಡಿಸಿಕೊಳ್ಳಲು ಹೋದ ದಿನ ಹಲ್ಲುನೋವು ಇಲ್ಲದಂತಾಗುತ್ತದಲ್ಲ, ಹಾಗೆ. ಆಮೇಲೆ ಬಯಾಸ್ ತೆರೆದಳು. ಯಂತ್ರ ಕಣ್ಣು ಬಿಡುವಾಗ ನಿನ್ನ ಕೈ ಇಲ್ಲಿದೆ, ಕಾಲು ಇಲ್ಲಿದೆ ಎಂದು ಅದಕ್ಕೆ ಹೇಳಿಕೊಡುವ ಮೊದಲ ಬರಹ ಅದು, ಬೋರ್ಡಿನೊಳಗೇ ಇರುತ್ತದೆ. ಅದನ್ನೇ ಫರ್ಮ್‌ವೇರ್ ಅಂತಲೂ ಅನ್ನುತ್ತಾರೆ. ನನ್ನದರಲ್ಲಿ ಇದ್ದದ್ದು ಬಹಳ ಹಳೆಯದು.

“ಕಂಪನಿಯವರು ಹೊಸದು ಬಿಟ್ಟವ್ರೆ ಅಕ್ಕ. ಮೆಮೊರಿ ಜಾಸ್ತಿ ಮಾಡಿದ ಮಿಷನ್‌ಗಳು ರೀಸ್ಟಾರ್ಟ್ ಆಗ್ತಿದ್ವು, ಸರಿಮಾಡಿದೀವಿ ಅಂತ ಬರೆದವ್ರೆ. ಇದೇ ಇರಬೇಕು.” ಪೆನ್‌ಡ್ರೈವಿಗೆ ಇಳಿಸಿಕೊಂಡಳು, ಚಾರ್ಜರ್ ಸಿಕ್ಕಿಸಿದಳು. ಬಯಾಸ್ ಬದಲಿಸುವ ಪರದೆ ಬಂತು, ಕೆಳಗೆ ಹೌದು, ಅಲ್ಲ. ಎಂಟರ್ ಕೀಲಿಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು.

“ಇದು ಬರೀತಾ ಇರುವಾಗ ಮಿಷನ್ ಒಂದು ಸಲ ಆಫ್ ಆದ್ರೂ ಬೋರ್ಡು ಸತ್ತೋಗುತ್ತೆ. ಅತ್ತೆ ದನಿನೂ ಹೋಗುತ್ತೆ. ಮೆಮೊರಿನಲ್ಲಿ ತೊಂದರೆ ಇದ್ರೆ ನಾನು ಇದಕ್ಕೆ ಕೈ ಹಾಕಲ್ಲ. ನೀವು ಬಿಚ್ಚಿಲ್ಲ ಅಂತೀರ, ನಿಮ್ಮ ಮಾತಿನ ಮೇಲೆ ಒತ್ತುತಾ ಇದೀನಿ. ಕೊನೇ ಸಲ ಕೇಳ್ತೀನಿ ಅಕ್ಕ. ಒತ್ತಲಾ?”

ಒಳಗಿನಿಂದ ಅತ್ತೆ ಕೆಮ್ಮಿದರು. ಆ ಒಣ ಕೆಮ್ಮು.

“ತಡಿ! ಒತ್ತಬೇಡ. ನಾನೇ ಬಿಚ್ಚಿದ್ದು. ರ‍್ಯಾಮ್ ಹಾಕಿದ್ದೂ ನಾನೇ.”

ಅವಳು ಬೆರಳು ತೆಗೆದಳು. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಎರಡು ಮಾತಾಡಿ ಹಗುರಾಗುತ್ತಿದ್ದೆ. “ಸ್ಕ್ರೂ ನೋಡಿದಾಗ್ಲೇ ಗೊತ್ತಾಯ್ತು ಅಕ್ಕ. ನೀವೇ ಹೇಳ್ಲಿ ಅಂತ ಇದ್ದೆ” ಎಂದಷ್ಟೇ ಹೇಳಿ, ಆ ಪರದೆ ಮುಚ್ಚಿ ಯಂತ್ರ ಆರಿಸಿದಳು. ಸವೆದ ಸ್ಕ್ರೂವಿನ ತಲೆಯ ಮೇಲೆ ಒಂದು ರಬ್ಬರ್‌ಬ್ಯಾಂಡ್ ಇಟ್ಟು, ಅದರ ಮೇಲೆ ಸ್ಕ್ರೂಡ್ರೈವರ್ ಒತ್ತಿ ತಿರುವಿದಳು. ನಾನು ಎರಡು ದಿನ ಗುದ್ದಾಡಿದ್ದು ಒಂದೇ ತಿರುವಿಗೆ ಬಂತು.

ರ‍್ಯಾಮ್ ಹೊರಗೆ ಬಂತು. ಮೇಲಿನ ಎರಡು ಮೂಲೆ ಸ್ವಚ್ಛ. ಕೆಳಗಿನ ಎರಡು ಮೂಲೆಯ ಚಿನ್ನದ ಹಲ್ಲುಗಳ ಮೇಲೆ ಹಳದಿ ಪೊರೆ ಕಟ್ಟಿತ್ತು, ಅಂಚಿಗೆ ಸಣ್ಣಗೆ ಕಪ್ಪು ತಿರುಗಿತ್ತು. ಅವಳು ಮೂಗಿನ ಹತ್ತಿರ ಹಿಡಿದು ನೋಡಿದಳು.

“ಅರಿಶಿನ!”

“ಅತ್ತೆ ಹಚ್ಚಿದರು. ಹೊಸದು ಅಂತ.”

ಅವಳಿಗೆ ನಗು ತಡೆಯಲಾಗಲಿಲ್ಲ. ನನಗೂ ಬಂತು, ಹಾಳಾದ್ದು. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಗುವಾಗಲೇ ಅತ್ತೆ ಬಾಗಿಲಿಗೆ ಬಂದರು. “ಅದು ನಾನಿಟ್ಟ ಅರಿಶ್ಣ ಅಲ್ವಾ? ಅದ್ರಿಂದ ಏನಾರ ಆಯ್ತಾ ಮಗ?”

“ಅದ್ರಿಂದ ಏನೂ ಇಲ್ಲ ಅತ್ತೆ. ಧೂಳು ಕೂತಿತ್ತು ಅಷ್ಟೆ” ಎಂದಳು ಅವಳು, ಕಣ್ಣು ಮಿಟುಕಿಸದೆ.

ನಾನು ಬೆಳಗಿನಿಂದ ಹೇಳಿದ್ದೂ ಸುಳ್ಳೇ, ಅವಳು ಹೇಳಿದ್ದೂ ಸುಳ್ಳೇ. ಅವಳದನ್ನು ಕೇಳಿ ಅತ್ತೆಯ ಮುಖ ಅರಳಿತು. ನನಗೆ ಅದೂ ಹೊಟ್ಟೆಕಿಚ್ಚಾಯಿತು.

ಹೊಸ ಪಟ್ಟಿ ಇಲ್ಲದೆ ಯಂತ್ರ ಮೊದಲಿನ ಹಾಗೆ ನಿಧಾನವಾಗಿ ಓಡಿತು, ಆದರೆ ನಿಲ್ಲಲಿಲ್ಲ. “ಈಗ ಕಾಪಿ ಮಾಡ್ಕೊಳ್ಳೋಣ” ಎಂದಳು. ಈ ಸಲ ನನ್ನನ್ನು ಕೇಳಲಿಲ್ಲ. ಹಸಿರು ಗೆರೆ ತುದಿ ಮುಟ್ಟುವವರೆಗೆ ನಾನು ಉಸಿರು ಹಿಡಿದಿದ್ದೆ. ಅಷ್ಟರಲ್ಲಿ ಅವಳು ಪೆನ್ಸಿಲ್ ಒರೆಸುವ ರಬ್ಬರಿನಿಂದ ಚಿನ್ನದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಬ್ರಷ್ಷಿನಿಂದ ಜಾಗವನ್ನೂ ಗುಡಿಸಿದಳು. ಕಾಪಿ ಮುಗಿದ ಮೇಲೆ ಪಟ್ಟಿ ಕೂರಿಸಿ ಚಾಲೂ ಮಾಡಿದಳು. ಹತ್ತು ನಿಮಿಷಕ್ಕೆ ಪರದೆ ಮತ್ತೆ ಕಪ್ಪಾಯಿತು. ನನ್ನ ಯಂತ್ರ, ನನ್ನ ಅತ್ತೆಯ ಹಾಡು, ಆದರೂ ಒಳಗೊಳಗೇ ಒಂದು ಸಣ್ಣ ಖುಷಿ ಎದ್ದಿತು ನೋಡಿ: ಡಾಕ್ಟ್ರ ಕೈಲೂ ಆಗಲಿಲ್ಲ! ನನ್ನಂಥವಳಿಗೆ ಏನನ್ನಬೇಕು.

ಆ ಖುಷಿ ಕಾಲು ಗಂಟೆಯೂ ಬಾಳಲಿಲ್ಲ. “ತಪ್ಪು ಎರಡಿತ್ತು ಅಕ್ಕ. ಅರಿಶಿನ ಒಂದು, ಹಳೇ ಬಯಾಸ್ ಇನ್ನೊಂದು” ಎಂದು ಅತ್ತೆಗೆ ಕೇಳದಂತೆ ಹೇಳಿದಳು. ಪಟ್ಟಿಯನ್ನು ಮತ್ತೆ ತೆಗೆದಿಟ್ಟು, ಬೋರ್ಡಿನ ಮೆಮೊರಿಯೊಂದರ ಮೇಲೇ ಹೊಸ ಬಯಾಸ್ ಬರೆಸಿದಳು. ಆ ಕೆಲವು ನಿಮಿಷ ಅಂಗಡಿಗೆ ಬಂದ ಗಿರಾಕಿಯನ್ನೂ ಮಾತಾಡಿಸಲಿಲ್ಲ. ಆಮೇಲೆ ಪಟ್ಟಿ ಕೂರಿಸಿದಳು. ಅರ್ಧ ಗಂಟೆ, ಒಂದು ಗಂಟೆ, ಪರೀಕ್ಷೆ ಮೂರು ಸುತ್ತು. ಯಂತ್ರ ಅಲ್ಲಾಡಲಿಲ್ಲ.

“ಕಾಪಿ ಆಗಿದ್ದು ಸರಿಯಾಗಿ ಬಂದಿದ್ಯಾ ಒಂದೆರಡು ಕೇಳಿ ನೋಡ್ಬೇಕು” ಎಂದು ತನ್ನ ಕಂಪ್ಯೂಟರಿನಲ್ಲಿ ತೆರೆದಳು. ಹಸೆ ಪದ, ಬೀಗರ ಪದ, ಒಸಗೆ ಪದ. ನಾನು ಅಚ್ಚುಕಟ್ಟಾಗಿ ಹೆಸರಿಟ್ಟ ಫೋಲ್ಡರುಗಳು. ಕೊನೆಯಲ್ಲಿ ‘ಇತರೆ’.

“ಇದೇನಕ್ಕ, ಇದ್ರಲ್ಲಿ ಒಂದೇ ಇದೆ?”

ನಾನು ಬಾಯಿ ತೆರೆಯುವಷ್ಟರಲ್ಲಿ ಒತ್ತಿಬಿಟ್ಟಳು. ಸ್ಪೀಕರಿನಿಂದ ಅತ್ತೆಯ ಹಳೆಯ ದನಿ, ಗಂಟೆಯಂಥ ದನಿ, ಅಂಗಡಿ ತುಂಬ ಬಂತು.

“ಇದ್ನ ಬೇರೆಯಾಗಿ ಮಡ್ಕೊಳವ್ವ. ಇದು ನಮ್ ಚಿಕ್ಕವ್ಳಿಗೆ. ಅವ್ಳ ಮದ್ವೆಲಿ ಆಡಕ್ಕೆ ಆಗ್ನಿಲ್ಲ ನಂಗೆ. ಮನೆ ತುಂಬಿಸ್ಕೊಳ್ಳೋ ಪದ. ಮರೀದೆ ಕೊಟ್ಬುಡು ಅವ್ಳಿಗೆ.”

ಅದರ ಹಿಂದೆಯೇ ಇನ್ನೊಂದು ದನಿ. ಅದು ಅದರಲ್ಲಿದೆ ಎಂಬುದು ನನಗೇ ನೆನಪಿರಲಿಲ್ಲ.

“ಹೂಂ ಅತ್ತೆ. ಕೊಡ್ತೀನಿ.”

ನನ್ನ ದನಿ. ಆಮೇಲೆ ಹಾಡು. ಅವಳು ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಹಾಗೇ ನಿಂತಿದ್ದಳು. ಮುಗಿಯುವವರೆಗೂ ಪರದೆಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಅದರ ಪಕ್ಕದಲ್ಲಿದ್ದ ತಾರೀಖು ನೋಡಿದಳು. ನಾನು ಕಾಲ ಬೆರಳು ನೋಡಿಕೊಂಡೆ.

ಅತ್ತೆ ಬಾಗಿಲ ಹತ್ತಿರ ಕೂತಿದ್ದರು. ಅವರಿಗೆ ಅದು ಹೊಸದೇನಲ್ಲ. “ಈಗ್ಲಾರ ನನ್ ಮುಂದೆ ಕೇಳ್ದಲ್ಲ” ಎಂದರು ಆ ಒಣ ದನಿಯಲ್ಲಿ. “ಕೇಳ್ಬುಟ್ಟು ಎರಡು ವರ್ಸ ಒಂದ್ ಮಾತೂ ಆಡ್ನಿಲ್ವಲ್ಲ ಮಗ ನೀನು. ಮದ್ವೆಗೆ ಬರ್ನಿಲ್ಲ, ಈಗ ಪದ ಆಡಿದ್ರೆ ಆಯ್ತಾ ಅಂತ ಕೋಪ ಇಟ್ಕೊಂಡವ್ಳೆ ಅಂದ್ಕೊಂಡಿದ್ದೆ. ನಿಂದೂ ತಪ್ಪಿಲ್ಲ.”

“ನಾನು ಕೇಳ್ತಾ ಇರೋದು ಇವತ್ತೇ ಅತ್ತೆ” ಎಂದಳು ಅವಳು. ಮೆಲ್ಲಗೆ ಹೇಳಿದಳು, ಆದರೆ ಈ ಸಲ ಸುಳ್ಳು ಹೇಳಲಿಲ್ಲ.

ಅತ್ತೆ ನನ್ನ ಕಡೆ ತಿರುಗಿದರು. ಅವ್ಳು ಏನಾರ ಅಂದ್ಲಾ? ಏನೂ ಅನ್ನಲಿಲ್ಲ ಅತ್ತೆ. ಎಷ್ಟು ಸಲ ಕೇಳಿದ್ದರು, ಎಷ್ಟು ಸಲ ಹೇಳಿದ್ದೆ! ನಾನು ಅದನ್ನು ಮುದ್ದು ಎಂದುಕೊಂಡು ಹೊಟ್ಟೆ ಉರಿದುಕೊಂಡೆ. ಅವರು ಎರಡು ವರ್ಷ ಕ್ಷಮೆಗೆ ಕಾದು ಕೂತಿದ್ದರು.

“ಅಂಗಾರೆ ನೀನು ಕೊಟ್ಟೇ ಇರ್ನಿಲ್ವಾ?”

“ಇಲ್ಲ ಅತ್ತೆ. ನಂಗೆ ಹೊಟ್ಟೆಕಿಚ್ಚಿತ್ತು.”

ಅವಳು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

“ನಂಗೆ ಗಂಟ್ಲು ಓಯ್ತು” ಎಂದರು ಅತ್ತೆ ಕೊನೆಗೆ. “ಮಿಸನ್ನು ಆಡಿದ್ರೆ ಮನೆ ತುಂಬಿಸ್ಕೊಂಡಂಗಾಗಲ್ಲ. ನಿಂಗೆ ಎಲ್ಲಾ ಬಾಯಿಗೆ ಬತ್ತದಲ್ಲ. ನೀನೇ ಆಡು ಅವ್ಳಿಗೆ.”

“ಇಲ್ಲೇನಾ?”

“ಇಲ್ಲೇ. ಈಗ್ಲೇ. ನೀನೂ ತಾನೆ ಅವ್ಳ ಮದ್ವೆಗೆ ಓಗದೆ ಇದ್ದವ್ಳು.”

ಕೌಂಟರಿನ ಆಚೆ ಚಾರ್ಜರ್ ಕೇಳಲು ಬಂದ ಇಬ್ಬರು ನಿಂತಿದ್ದರು. ಅವಳು ಅವರಿಗೆ ಆಮೇಲೆ ಬನ್ನಿ ಎನ್ನಲಿಲ್ಲ, ನನಗೂ ಬೇಡ ಬಿಡಿ ಅಕ್ಕ ಎನ್ನಲಿಲ್ಲ. ಸೆರಗನ್ನು ಎಳೆದು ಸರಿಮಾಡಿಕೊಂಡು ಅತ್ತೆಯ ಪಕ್ಕ ಹೋಗಿ ನಿಂತಳು, ಕಾಯುತ್ತ. ನಾನು ಸೊಸೆಯಾಗಿ ಬಂದ ದಿನ ಅತ್ತೆ ಇದೇ ಪದವನ್ನು ನನಗೆ ಹಾಡಿದ್ದರು, ಮನೆ ತುಂಬ ಜನರ ಮುಂದೆ, ಆ ಗಂಟೆಯಂಥ ದನಿಯಲ್ಲಿ. ಆವತ್ತು ನಾನು ಕಾಲುಂಗುರ ಬಿಗಿಯಾಯಿತು ಅಂತ ಗೊಣಗುತ್ತಿದ್ದೆ. ಒಂದು ಸಾಲನ್ನೂ ಕೇಳಿಸಿಕೊಂಡಿರಲಿಲ್ಲ.

ಮೊದಲ ಸಾಲಿಗೇ ನನ್ನ ದನಿ ಒಡೆಯಿತು. ಅತ್ತೆ ತೊಡೆಯ ಮೇಲೆ ತಾಳ ಹಾಕಿದರು. ಮತ್ತೆ ಮೊದಲಿನಿಂದ ಶುರುಮಾಡಿ ಅಷ್ಟೂ ನುಡಿಗಳನ್ನು ಅವಳ ಮುಖ ನೋಡಿಕೊಂಡೇ ಹಾಡಿದೆ.